ಎಂಟು ದಿನದ ಸ್ಲ್ಯಾಬು

ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಹೆಸರಿತ್ತು. ಆ ಹೆಸರಿಂದ ಯಾರೂ ಕರೆಯುತ್ತಿರಲಿಲ್ಲ. ಸೈಟಿನಲ್ಲಿ ಎಲ್ಲರಿಗೂ ಅವಳು ನೀರಕ್ಕ.

ಕಾಂಕ್ರೀಟು ಒಣಗಿದರೆ ಗಟ್ಟಿಯಾಗುತ್ತದೆ ಎಂದೇ ಓದುಬಲ್ಲವರು ಕೂಡ ತಿಳಿದಿರುತ್ತಾರೆ. ಸುಳ್ಳು. ಅದು ಗಟ್ಟಿಯಾಗುವುದು ನೀರು ಕುಡಿದು. ಹಾಕಿದ ಮಾರನೆಯ ಬೆಳಿಗ್ಗೆಯಿಂದ ದಿನಗಟ್ಟಲೆ ಕುಡಿಸಬೇಕು. ಸ್ಲ್ಯಾಬಿನ ಮೇಲೆ ಪುಟ್ಟ ಬದು ಕಟ್ಟಿ, ಪಾತಿ ಮಾಡಿ ನೀರು ನಿಲ್ಲಿಸಬೇಕು. ಕಂಬಗಳಿಗೆ ಗೋಣಿತಾಟು ಸುತ್ತಿ ಅದು ಆರದಂತೆ ನೋಡಿಕೊಳ್ಳಬೇಕು. ಒಂದು ದಿನ ಮರೆತರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಆ ಬಿರುಕು ಆ ದಿನವೇ ಯಾರನ್ನೂ ಕೊಲ್ಲುವುದಿಲ್ಲ. ಕಾಯುತ್ತದೆ.

ನೀರಕ್ಕ ಹದಿನೆಂಟು ವರ್ಷದಿಂದ ಈ ಕೆಲಸದಲ್ಲಿದ್ದಳು. ಪೈಪು ಇದ್ದ ಕಡೆ ಪೈಪು, ಇಲ್ಲದ ಕಡೆ ಕೊಡ. ತಲೆ ಮೇಲೆ ಸಿಂಬೆ, ಸಿಂಬೆಯ ಮೇಲೆ ಕೊಡ, ಕಾಲ ಕೆಳಗೆ ಅಲುಗಾಡುವ ಏಣಿ. ಸಿಮೆಂಟಿನ ನೀರು ಅವಳ ಕಾಲ್ಬೆರಳ ಸಂದಿಗಳನ್ನು ತಿಂದಿತ್ತು. ಅಂಗೈ ಸುಲಿದು, ಕಟ್ಟಿ, ಮತ್ತೆ ಸುಲಿದಿತ್ತು. ಬೆರಳ ತುದಿಯ ಗೆರೆಗಳು ಎಂದೋ ಅಳಿಸಿಹೋಗಿದ್ದವು. ಹೆಬ್ಬೆಟ್ಟು ಒತ್ತಿದರೆ ಕಾಗದದ ಮೇಲೆ ಬರೀ ಒಂದು ಮಸಿಯ ಗುಂಡು. "ಇದು ಹೆಬ್ಬೆಟ್ಟಾ, ಹುಣಸೆ ಬೀಜಾನಾ?" ಎಂದು ಹಾಜರಿ ಗುಮಾಸ್ತ ನಗುತ್ತಿದ್ದ.

ಆ ಕೊಡಗಳ ದುಡಿಮೆಯಲ್ಲೇ ಅವಳ ತಮ್ಮ ಓದಿದ್ದ. ಅಮ್ಮ ಮೊದಲೇ ಹೋಗಿದ್ದಳು. ಅಪ್ಪ ಕಣ್ಣು ಮುಚ್ಚುವಾಗ ಅವಳಿಗೆ ಹದಿನಾರು, ಅವನಿಗೆ ಏಳು. "ನೀನು ಹೊರು, ಅವನು ಓದ್ಲಿ," ಅಂದಿದ್ದ ಅಪ್ಪ. ಅವಳು ಹೊತ್ತಳು, ಅವನು ಓದಿದ. ಸುಮ್ಮನೆ ಓದಲಿಲ್ಲ, ಚೆನ್ನಾಗಿ ಓದಿದ. ಶಾಲೆಯಿಂದ ಬಂದು ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಅವಳಿಗೂ ಒಂದರಿಂದ ನೂರರವರೆಗೆ ಅಂಕಿ ಕಲಿಸಿದ. ಅಕ್ಷರ ಕಲಿಸುವಷ್ಟು ಪುರುಸೊತ್ತು ಇಬ್ಬರಿಗೂ ಆಗಲಿಲ್ಲ. ಮುಂದೆ ಅವನು ಕಟ್ಟಡದ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಯಾವ ಕೆಲಸ ಯಾವ ದಿನ ಶುರು, ಯಾವ ದಿನ ಮುಕ್ತಾಯ, ಎಲ್ಲಿ ತಡವಾದರೆ ಎಲ್ಲಿ ಸರಿದೂಗಿಸಬೇಕು ಎಂದು ಚಾರ್ಟು ಬರೆಯುವ ಕೆಲಸ. ಎಲ್ಲರೂ ಅವನನ್ನು ಚಾರ್ಟ್ ಸಾರ್ ಅನ್ನುತ್ತಿದ್ದರು.

ಆಸ್ಪತ್ರೆಯೊಂದನ್ನು ಕಟ್ಟುವ ಗುತ್ತಿಗೆ ಕಂಪನಿಗೆ ಸಿಕ್ಕಾಗ ಅವನೇ ಅಕ್ಕನಿಗೆ ಹೇಳಿಕಳಿಸಿದ. ಅವಳ ಮಾತು ನಂಬಿ ಇಡೀ ಗುಂಪು ಹೊರಟಿತು. ಸೆಂಟ್ರಿಂಗ್ ಮೇಸ್ತ್ರಿ ಬಂದ. ಹಲಗೆ ಹೊಡೆದು, ಅದನ್ನು ಎತ್ತಿಹಿಡಿಯುವ ಕಬ್ಬಿಣದ ಊರುಗೋಲು ಜಾಕಿ ನಿಲ್ಲಿಸಿ, ಕಾಂಕ್ರೀಟಿಗೆ ಅಚ್ಚು ಕಟ್ಟುವುದರಲ್ಲಿ ತಲೆ ನರೆತವನು. ಮಿಕ್ಸರಿನ ಬಾಯಿಗೆ ಜಲ್ಲಿ ಸುರಿಯುವ ಕುಳ್ಳಿ ಬಂದಳು. ಒಟ್ಟು ನಲವತ್ತು ಜನ. "ನಮ್ಮ ಹುಡುಗ ಒಳಗಿದ್ದಾನೆ," ಎಂದು ಹೇಳಿಕೊಂಡು ಬಂದರು.

ಮೊದಲ ವಾರ ತಮ್ಮ ತಗಡಿನ ಶೆಡ್ಡಿಗೇ ಬಂದ. ಜಲ್ಲಿ ಹೊರುವ ಕಬ್ಬಿಣದ ಬಾಂಡ್ಲಿ ಬೋರಲು ಹಾಕಿ ಅದರ ಮೇಲೆ ಕೂತ. ತೊಡೆಯ ಮೇಲೆ ನೋಟ್‌ಬುಕ್ಕು ಬಿಚ್ಚಿಕೊಂಡ.

"ಅಕ್ಕ, ಪುಸ್ತಕದಲ್ಲಿರೋದು ನಂಗೆ ಗೊತ್ತು. ನಿಜವಾಗ್ಲೂ ಎಷ್ಟು ದಿನ ಹಿಡಿಯುತ್ತೆ, ಅದನ್ನ ಹೇಳು."

ಇಂಥ ಮಾತನ್ನು ಅವರನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಮೇಸ್ತ್ರಿ ಬೀಡಿ ಆರಿಸಿ ಮುಂದೆ ಸರಿದ.

"ಮೊದ್ಲು ಇದನ್ನ ಬರ್ಕೊ. ಕಬ್ಬಿಣ ಹೇಳಿದ ದಿನ ಬರಲ್ಲ."

"ಎಷ್ಟು ದಿನ ಹಾಕ್ಲಿ?"

"ನಾಕು ಹಾಕು. ನಕ್ಷೆ ಬದಲಾಯಿಸ್ತಾರಲ್ಲ, ಅದಕ್ಕೆ ಎರಡು."

"ಮಿಕ್ಸರಿಗೆ?"

"ಅದಕ್ಕೆ ತಿಂಗಳಿಗೊಂದ್ಸಲ ಮುನಿಸು ಬರುತ್ತೆ," ಅಂದಳು ಕುಳ್ಳಿ. "ನನ್ನ ಗಂಡನ ಥರ. ಎರಡು ದಿನ ಹಾಕು, ತಾನಾಗೇ ಸರಿ ಹೋಗುತ್ತೆ."

"ಜನಕ್ಕೆ?"

"ಜನಕ್ಕೆ ಜ್ವರ ಬರುತ್ತೆ, ಹೆರಿಗೆ ಬರುತ್ತೆ, ಸಾವು ಬರುತ್ತೆ ಕಣೋ," ಅಂದಳು ನೀರಕ್ಕ. "ನಾವೇನು ಕಬ್ಬಿಣದ ಸರಳಾ? ಮೂರು ದಿನ ಹಾಕು."

ಹನ್ನೊಂದು ದಿನವಾಯಿತು. ಅವನು ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರು ಹೇಳಿದ. ಅವರು ಉಳಿಕೆ ದಿನ ಅಂದರು.

"ಇದು ನಿಮ್ಮ ದಿನ ಅಕ್ಕ," ಅಂದ ತಮ್ಮ. "ಯಾರಿಂದಾನೇ ತಡ ಆಗ್ಲಿ, ಇದ್ರಲ್ಲಿ ಕಳೀತೀನಿ. ನಿಮ್ಮ ಮೈ ಮೇಲೆ ಬರೋಕೆ ಬಿಡಲ್ಲ."

ಕೊನೆಗೆ ಅವಳು ಪೋರ್ಟಿಕೋ ಮಾತು ತೆಗೆದಳು. ಆಸ್ಪತ್ರೆಯ ಮುಂಬಾಗಿಲಿಗೆ, ಕಾರು ಬಂದು ನಿಲ್ಲುವಷ್ಟು ದೊಡ್ಡ ಚಾಚು ಚಾವಣಿಯೊಂದು, ಪೋರ್ಟಿಕೋ, ಬರಬೇಕಿತ್ತು. ಮುಂದೆ ಕಂಬವಿಲ್ಲ. ಗೋಡೆಯೊಂದನ್ನೇ ಹಿಡಿದುಕೊಂಡು ಗಾಳಿಗೆ ಕೈ ಚಾಚಿದ ಹಾಗೆ ನಿಲ್ಲಬೇಕು. "ಅದರ ಕೆಳಗಿನ ಜಾಕಿ ಇಪ್ಪತ್ತೊಂದು ದಿನ ಮುಟ್ಟಬಾರ್ದು. ಮಿಕ್ಕಿದ್ರಲ್ಲಿ ಎಲ್ಲಾದ್ರೂ ಒತ್ತು. ಅಲ್ಲಿ ಒಂದು ದಿನಾನೂ ತೆಗೀಬೇಡ."

ಇಪ್ಪತ್ತೊಂದು ಎಂದು ಬರೆದು ಅವನು ಅದರ ಸುತ್ತ ಒಂದು ಸುತ್ತು ಹಾಕಿದ. ಹೊರಡುವಾಗ ಹಾಳೆಗಳ ಕಟ್ಟೊಂದನ್ನು ಮುಂದಿಟ್ಟ. "ಇದಕ್ಕೊಂದಿಷ್ಟು ಹೆಬ್ಬೆಟ್ಟು ಹಾಕು ಅಕ್ಕ. ಹಾಜರಿಗೆ ಬೇಕು. ದಿನಾ ನಿನ್ನನ್ನ ಆಫೀಸಿಗೆ ಅಲೆಸೋದು ಯಾಕೆ." ಹಾಳೆಗಳು ಖಾಲಿ ಇದ್ದವು. ಅವಳು ಒಂದಾದ ಮೇಲೊಂದು ಒತ್ತಿದಳು. ಒಡಹುಟ್ಟಿದವನು ಕೊಟ್ಟ ಕಾಗದವನ್ನು ತಿರುವಿ ನೋಡುತ್ತಾರೆಯೇ?

ಕೆಲಸ ನಡೆಯಿತು. ತಡವೂ ನಡೆಯಿತು. ಕಬ್ಬಿಣದ ಲಾರಿ ನಾಲ್ಕು ದಿನವಲ್ಲ, ಹನ್ನೆರಡು ದಿನ ಬರಲಿಲ್ಲ. ಕಂಪನಿಯವರು ಯಾರದೋ ಜೊತೆ ಜಗಳಕ್ಕೆ ಬಿದ್ದಿದ್ದರಂತೆ. ಕಬ್ಬಿಣ ಬಂದ ಮೇಲೆ ಪೋರ್ಟಿಕೋದ ನಕ್ಷೆ ಬದಲಾಯಿತು. ಉದ್ಘಾಟನೆಗೆ ಬರುವವರ ಹಿಂದೆ ಮುಂದೆ ನಾಲ್ಕು ಕಾರು ಇರುತ್ತವೆ, ಅಗಲ ಸಾಲದು ಅಂದರು. ಕಟ್ಟಿದ ಅಚ್ಚು ಬಿಚ್ಚಿ ಮತ್ತೆ ಕಟ್ಟಿದರು. ಅದಕ್ಕೆ ಒಂಬತ್ತು ದಿನ. ಮಿಕ್ಸರು ಮುನಿಸಿಕೊಂಡಿದ್ದು ಮೂರು ದಿನ. ಜ್ವರ ಬಂದವರೂ ಬಾಂಡ್ಲಿ ಹೊತ್ತರು. ಹೆರಿಗೆಯಾದವಳು ಒಂಬತ್ತನೆಯ ದಿನಕ್ಕೆ ಜಲ್ಲಿ ರಾಶಿಯ ಹತ್ತಿರ ಬಂದಳು. ಜನಕ್ಕೆಂದು ಇಟ್ಟಿದ್ದ ಮೂರು ದಿನದಲ್ಲಿ ಜನ ಒಂದನ್ನೂ ಮುಟ್ಟಲಿಲ್ಲ.

ಇಪ್ಪತ್ತೆರಡನೇ ತಾರೀಖು ಹಾಕಬೇಕಿದ್ದ ಪೋರ್ಟಿಕೋ ಸ್ಲ್ಯಾಬು ಮುಂದಿನ ತಿಂಗಳ ನಾಲ್ಕಕ್ಕೆ ಹೋಯಿತು. ಮೂವತ್ತೊಂದು ದಿನದ ತಿಂಗಳು. ಆದ ಇಪ್ಪತ್ನಾಲ್ಕು ದಿನದಲ್ಲಿ ಉಳಿಕೆಯ ಹನ್ನೊಂದು ಕಳೆದು, ಸರಿಯಾಗಿ ಹದಿಮೂರು ದಿನ ತಡ. ಬೆಳಿಗ್ಗೆ ಆರಕ್ಕೆ ಶುರುವಾಗಿ ಸಂಜೆ ಐದಕ್ಕೆ ಕಾಂಕ್ರೀಟು ಮುಗಿಯಿತು. ಕುಳ್ಳಿಯ ಕತ್ತು ಒಂದು ಕಡೆಗೆ ಹಿಡಿದುಕೊಂಡು ಎರಡು ದಿನ ನೇರವಾಗಲಿಲ್ಲ. ಮಾರನೆಯ ಬೆಳಿಗ್ಗೆ ನೀರಕ್ಕ ಬದು ಕಟ್ಟಿ ನೀರು ಬಿಟ್ಟಳು. ಆಮೇಲೆ ಕಡ್ಡಿಯ ತುದಿಯನ್ನು ಕೆಂಪು ಬಣ್ಣದಲ್ಲಿ ಅದ್ದಿ ಸ್ಲ್ಯಾಬಿನ ಅಂಚಿನ ಮೇಲೆ ತಾರೀಖು ಬರೆದಳು. ಹಾಕಿದ ದಿನವನ್ನು ಹೀಗೆ ಬರೆದಿಡುವುದು ಎಲ್ಲ ಸೈಟಿನ ನಿಯಮ. ತಪಾಸಣೆಗೆ ಬಂದವರು ಅದನ್ನು ನೋಡಿ ದಿನ ಎಣಿಸುತ್ತಾರೆ. ನಾಲ್ಕು ಎಂದು ಬರೆದಳು. ಅದು ಅವಳ ಕೆಲಸ, ಅವಳ ಅಂಕಿ.

ಒಂಬತ್ತನೇ ತಾರೀಖು ದೊಡ್ಡ ಸಾಹೇಬ ಎಲ್ಲರನ್ನೂ ಆಫೀಸಿನ ಮುಂದೆ ಸೇರಿಸಿದ. ಇಡೀ ಸೈಟಿನ ಮೇಲ್ವಿಚಾರಕ ಅವನು. ಅವನು ಮೆಟ್ಟಿಲ ಮೇಲೆ ನಿಂತ. ಇವರು ಬಿಸಿಲಲ್ಲಿ ನಿಂತರು. ಆಫೀಸಿನ ಹೊಸ್ತಿಲು ದಾಟುವ ಹಕ್ಕು ಇವರಿಗಿರಲಿಲ್ಲ. ಅಲ್ಲಿಯ ಕುಡಿಯುವ ನೀರಿನ ಕ್ಯಾನು ಕೂಡ ಇವರಿಗಲ್ಲ. ಇವರಿಗೆ ಟ್ಯಾಂಕರಿನ ನೀರು. ಕಾಂಕ್ರೀಟಿಗೂ ಅದೇ ನೀರು. ತಮ್ಮ ಸಾಹೇಬನ ಪಕ್ಕದಲ್ಲಿ ಫೈಲು ಹಿಡಿದು ನಿಂತಿದ್ದ.

"ಇಪ್ಪತ್ನಾಲ್ಕು ದಿನ ತಡ," ಅಂದ ದೊಡ್ಡ ಸಾಹೇಬ. "ಮೇಲಿಂದ ನನ್ನನ್ನ ಕೇಳ್ತಾರೆ, ಯಾಕೆ ಅಂತ. ಹಾಜರಿ ಪುಸ್ತಕ ಇಲ್ಲಿದೆ. ಹನ್ನೆರಡು ದಿನ ಒಬ್ಬನೂ ಕೆಲಸಕ್ಕೆ ಬಂದಿಲ್ಲ. ಆಮೇಲೆ ಒಂಬತ್ತು ದಿನ ಅರ್ಧ ಜನ ಇಲ್ಲ. ಮತ್ತೆ ಮೂರು ದಿನ ಇಲ್ಲ. ತಡಕ್ಕೆ ಕಾರಣ ಅಂತ ನಾವು ಬರೆದು ಕಳಿಸಿರೋದು ಇದೇ. ಕೂಲಿಯಾಳುಗಳ ಗೈರುಹಾಜರಿ."

ಯಾರಿಗೂ ಒಂದು ಕ್ಷಣ ಅರ್ಥವಾಗಲಿಲ್ಲ. ಆ ಹನ್ನೆರಡೂ ದಿನ ಅವರು ಬೆಳಿಗ್ಗೆ ಏಳಕ್ಕೆ ಗೇಟಿಗೆ ಬಂದಿದ್ದರು. ಕಬ್ಬಿಣ ಬಂದಿಲ್ಲ, ಹೋಗಿ ಎಂದು ವಾಪಸು ಕಳಿಸಿದ್ದರು. ಕೆಲಸವಿಲ್ಲದ ದಿನ ಹಾಜರಿಯಿಲ್ಲ. ಹಾಜರಿಯಿಲ್ಲದವನು ಬಂದಿಲ್ಲ. ಎಷ್ಟು ಸಲೀಸಾದ ಲೆಕ್ಕ!

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಅಂದ ಮೇಸ್ತ್ರಿ ಹಲ್ಲಿನ ಸಂದಿಯಲ್ಲಿ.

ನೀರಕ್ಕ ತಮ್ಮನ ಕಡೆ ನೋಡಿದಳು. ಅವನಿಗೆ ಗೊತ್ತು. ಚಾರ್ಟಿನಲ್ಲಿ ಕಬ್ಬಿಣದ ಪಟ್ಟಿಯನ್ನು ಹನ್ನೆರಡು ದಿನ ಎಳೆದದ್ದು ಅವನ ಪೆನ್ಸಿಲು. ಈಗ ಹೇಳುತ್ತಾನೆ ಅಂದುಕೊಂಡಳು. ಬಾಯಿ ತೆಗೆಯುತ್ತಾನೆ. ಕೊನೆಗೆ ಕೆಮ್ಮನ್ನಾದರೂ ಕೆಮ್ಮುತ್ತಾನೆ. ಅವನು ಫೈಲಿನ ಹಾಳೆ ತಿರುವಿದ. ಮತ್ತೊಂದು ಹಾಳೆ ತಿರುವಿದ.

"ಇರ್ಲಿ. ಆದದ್ದು ಆಯ್ತು," ಅಂದ ದೊಡ್ಡ ಸಾಹೇಬ. "ಹದಿನೆಂಟಕ್ಕೆ ಉದ್ಘಾಟನೆ. ಹನ್ನೆರಡಕ್ಕೆ ಪೋರ್ಟಿಕೋ ಜಾಕಿ ತೆಗೀಬೇಕು. ಕೆಳಗೆ ಟೈಲ್ಸ್ ಹಾಕೋಕೆ ಐದು ದಿನ ಬೇಕು. ನೀವು ಕಳೆದ ದಿನ ನೀವೇ ತುಂಬಿಕೊಡಿ."

ಅವತ್ತು ಸಂಜೆ ಬಿಸಿಲಿನ್ನೂ ಇರುವಾಗಲೇ ತಮ್ಮ ನೀರಿನ ತೊಟ್ಟಿಯ ಹತ್ತಿರ ಬಂದ. ಅವಳು ಕೊಡ ಅದ್ದುತ್ತಿದ್ದಳು. ಅವನು ಕೂರಲಿಲ್ಲ. ಶೂಗೆ ಕೆಸರು ತಾಗದಂತೆ ಕಲ್ಲಿನ ಮೇಲೆ ನಿಂತ.

"ಅಕ್ಕ, ಪೋರ್ಟಿಕೋ ಮೇಲೆ ಬರೆದ ತಾರೀಖು ಸ್ವಲ್ಪ ತಿದ್ದಬೇಕು."

"ಯಾಕೆ?"

"ತಪಾಸಣೆಯವ್ರು ಹನ್ನೊಂದಕ್ಕೆ ಬರ್ತಾರೆ. ನಾಲ್ಕು ಅಂತ ಇದ್ರೆ ಜಾಕಿ ತೆಗೆಯೋಕೆ ಒಪ್ಪಲ್ಲ."

"ಒಪ್ಪಬಾರ್ದು ಅಂತಾನೇ ಅಲ್ವೇನೋ ಅದನ್ನ ಬರೆಯೋದು?"

"ಅಕ್ಕ, ಪುಸ್ತಕದ ಪ್ರಕಾರ ಎಂಟು ದಿನಕ್ಕೆ ಅರ್ಧಕ್ಕಿಂತ ಜಾಸ್ತಿ ಬಲ ಬಂದಿರುತ್ತೆ. ಲೆಕ್ಕ ಹಾಕಿದೀನಿ."

"ಅರ್ಧ ಬಲದಲ್ಲಿ ಪೂರ್ತಿ ಭಾರ ಹೊರು ಅಂತೀಯ. ನಾನು ಹದಿನಾರಕ್ಕೆ ಹೊತ್ತೆ ನೋಡು, ನನ್ನ ಸೊಂಟ ನೋಡ್ಕೊ." ಅವಳು ಕೊಡ ಎತ್ತಿ ತಲೆಗಿಟ್ಟಳು. "ಹನ್ನೊಂದು ದಿನ ಇಟ್ಟಿದ್ದೆಯಲ್ಲ ನಮಗೆ ಅಂತ? ಎಲ್ಲೋದ್ವು?"

"ಕಬ್ಬಿಣಕ್ಕೇ ಮುಗಿದೋಯ್ತು."

"ಕಬ್ಬಿಣ ತಿಂದದ್ದನ್ನ ನಾವು ತಿಂದ್ವಿ ಅಂತ ಬರೆದ್ರು. ನೀನು ಪಕ್ಕದಲ್ಲಿ ನಿಂತಿದ್ದೆ."

ಗೈರುಹಾಜರಿ ಎಂದು ಬರೆದದ್ದು ತಾನೇ ಎಂದು ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಕೇಳಲು ಧೈರ್ಯ ಬರಲಿಲ್ಲ. "ತಾರೀಖು ನಾನು ತಿದ್ದಲ್ಲ," ಅಂದಷ್ಟೇ ಹೇಳಿ ಏಣಿ ಹತ್ತಿದಳು. ಕೊಡದ ನೀರು ತುಳುಕಿ ಬೆನ್ನ ಮೇಲೆ ಇಳಿಯಿತು.

ಹನ್ನೊಂದನೇ ತಾರೀಖು ಬೆಳಿಗ್ಗೆ ಅವಳು ಪೋರ್ಟಿಕೋಗೆ ನೀರು ಕಟ್ಟಲು ಹೋದಾಗ ಅಂಚಿನ ಮೇಲೆ ಅವಳ ನಾಲ್ಕು ಇರಲಿಲ್ಲ. ಅಲ್ಲಿ ಸುಣ್ಣ ಬಳಿದಿತ್ತು. ಸುಣ್ಣದ ಮೇಲೆ ಅದೇ ಕೆಂಪು ಬಣ್ಣದಲ್ಲಿ ಇಪ್ಪತ್ತೆರಡು ಎಂದು ಬರೆದಿತ್ತು. ಪಕ್ಕದಲ್ಲಿ ಹೋದ ತಿಂಗಳ ಅಂಕಿ. ಚಾರ್ಟಿನಲ್ಲಿ ಆ ಸ್ಲ್ಯಾಬು ಹಾಕಬೇಕು ಎಂದು ಮೊದಲು ಬರೆದಿದ್ದ ದಿನ. ಆಗದ ಕೆಲಸ ಆಗಿಹೋಗಿತ್ತು. ಬಣ್ಣದಲ್ಲಿ.

ಅವಳು ಆ ಎರಡು ಎರಡುಗಳನ್ನು ನೋಡುತ್ತ ನಿಂತಳು. ಬಾಲವನ್ನು ಮೇಲಕ್ಕೆ ಎತ್ತಿ ಒಳಕ್ಕೆ ಸುತ್ತಿದ ಎರಡು. ಅಂಕಿ ಕಲಿಸುವಾಗ ಅವನು ಹಾಗೇ ಬರೆಯುತ್ತಿದ್ದ. ಅವಳಿಗೆ ಹಾಗೆ ಸುತ್ತಲು ಬರುತ್ತಿರಲಿಲ್ಲ. ಅವಳ ಕೈ ಹಿಡಿದು ಸುತ್ತಿಸಿದ್ದ. ಬೇರೆ ಯಾರಾದರೂ ಬರೆದಿದ್ದರೆ ಅವಳು ಕೂಗಾಡುತ್ತಿದ್ದಳು. ಈಗ ಕೊಡ ಎತ್ತಿಕೊಂಡಳು. ನೀರು ಬಿಡುವುದನ್ನು ಮಾತ್ರ ಬಿಡಲಿಲ್ಲ. ಬದು ತುಂಬುವಷ್ಟು ಬಿಟ್ಟಳು. ಸ್ಲ್ಯಾಬಿನದೇನು ತಪ್ಪು?

ತಪಾಸಣೆಯವರು ಮಧ್ಯಾಹ್ನ ಬಂದರು. ಕಾರಿನಿಂದ ಇಳಿದ ಒಬ್ಬ ಕತ್ತೆತ್ತಿ ಅಂಚು ನೋಡಿದ, ಏನೋ ಗೀಚಿದ, ಚಹಾ ಕುಡಿದ, ಹೋದ.

ಮಾರನೆಯ ದಿನ, ಹನ್ನೆರಡು. ಬೆಳಿಗ್ಗೆ ಎಂಟಕ್ಕೆ ಮೇಸ್ತ್ರಿಯನ್ನೂ ಅವನ ಆರು ಜನರನ್ನೂ ಪೋರ್ಟಿಕೋ ಮುಂದೆ ನಿಲ್ಲಿಸಿದರು. ಹಿಂದಿನ ದಿನವಷ್ಟೇ ಬಂದಿದ್ದ ಟೈಲ್ಸ್ ಕೆಲಸದವರು ಡಬ್ಬಗಳನ್ನು ಇಳಿಸಿಕೊಂಡು ಒಂದು ಬದಿಯಲ್ಲಿ ಕಾಯುತ್ತಿದ್ದರು. ದೊಡ್ಡ ಸಾಹೇಬ ಗಡಿಯಾರ ನೋಡಿದ.

"ಹೊಡೀರಿ."

ಮೇಸ್ತ್ರಿ ಸುತ್ತಿಗೆ ಎತ್ತಿದ. ಎತ್ತಿದ ಕೈ ಕೆಳಗೆ ಬರಲಿಲ್ಲ. ಜಾಕಿಗಳ ನಡುವೆ ನೀರಕ್ಕ ಕೂತಿದ್ದಳು. ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ. ಒದ್ದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಕೊಡವನ್ನು ಪಕ್ಕದಲ್ಲಿಟ್ಟು ಕೂತಿದ್ದಳು.

"ಏಯ್, ಎದ್ದು ಬಾರೆ ಈಚೆ!" ಅಂದ ದೊಡ್ಡ ಸಾಹೇಬ.

"ಇದಕ್ಕಿನ್ನೂ ಎಂಟು ದಿನ ಸಾಹೇಬ್ರೆ. ಹದಿಮೂರು ದಿನ ಬಾಕಿ ಇದೆ. ಇಪ್ಪತ್ತೈದಕ್ಕೆ ಬನ್ನಿ, ನಾನೇ ಜಾಕಿ ಹೊತ್ತು ಹಾಕ್ತೀನಿ."

"ಮೇಲೆ ತಾರೀಖು ಬರೆದಿದೆ. ಇಪ್ಪತ್ತೆರಡು."

"ಅದು ನಾನು ಬರೆದದ್ದಲ್ಲ."

"ಹೌದಾ?" ಅವನು ತಮ್ಮನ ಕಂಕುಳಿಂದ ಪುಸ್ತಕವೊಂದನ್ನು ಕಿತ್ತುಕೊಂಡ. "ಇದು ನೀರು ಹಾಕಿದ ರಿಜಿಸ್ಟರು. ಹೋದ ತಿಂಗಳು ಇಪ್ಪತ್ತಮೂರರಿಂದ ಒಂದು ದಿನ ಬಿಡದೆ ಈ ಪೋರ್ಟಿಕೋ ಸ್ಲ್ಯಾಬಿಗೆ ನೀರು ಹಾಕಿದೀನಿ ಅಂತ ಇದೆ. ಎಲ್ಲ ದಿನಕ್ಕೂ ನಿನ್ನದೇ ಹೆಬ್ಬೆಟ್ಟು. ನೋಡು!"

ಅವನು ಪುಸ್ತಕವನ್ನು ಅವಳ ಕಡೆ ಎಸೆದ. ಅದು ಅವಳ ಮೊಣಕಾಲಿಗೆ ಬಡಿದು ಬಿಚ್ಚಿಕೊಂಡಿತು. ಹಾಳೆಯ ತುದಿಯಲ್ಲಿ ಗೆರೆಯಿಲ್ಲದ ಮಸಿಯ ಗುಂಡು. ಮುಂದಿನ ಹಾಳೆಯಲ್ಲೂ. ಅದರ ಮುಂದಿನದರಲ್ಲೂ. ಸೈಟಿನ ನೂರಾರು ಹೆಬ್ಬೆಟ್ಟುಗಳಲ್ಲಿ ಹಾಗೆ ಬೋಳಾದದ್ದು ಅವಳದೊಂದೇ.

ಅವತ್ತಿನ ಖಾಲಿ ಹಾಳೆಗಳು. ಹಾಜರಿಗೆ ಅಂದಿದ್ದ. ಬಾಂಡ್ಲಿ ಬೋರಲು ಹಾಕಿಕೊಂಡು ಕೂತು, ಅಕ್ಕ ಅಂದಿದ್ದ.

ಅವಳು ತಲೆಯೆತ್ತಿದಳು. ಸಾಹೇಬನನ್ನು ನೋಡಲಿಲ್ಲ.

"ಬಾರೋ," ಅಂದಳು ತಮ್ಮನಿಗೆ.

ಅವನು ಅಲುಗಲಿಲ್ಲ.

"ಬಾ. ನನ್ನ ಪಕ್ಕ ಕೂತ್ಕೊ. ಇಪ್ಪತ್ತೊಂದು ದಿನ ಆಗಿದೆ ಅಂತ ಬರೆದವನು ನೀನು. ಗಟ್ಟಿಯಾಗಿದೆ ಅಂತ ಲೆಕ್ಕ ಹಾಕಿದವನು ನೀನು. ಇಬ್ರೂ ಕೂತಿರೋಣ. ಮೇಸ್ತ್ರಣ್ಣ ಜಾಕಿ ಹೊಡೀಲಿ."

ಮಹಡಿ ಮೇಲೆ ಬಣ್ಣ ಬಳಿಯುತ್ತಿದ್ದವರು ಕೂಡ ಬಗ್ಗಿ ನೋಡುತ್ತಿದ್ದರು.

"ಹೋಗಯ್ಯ," ಅಂದ ದೊಡ್ಡ ಸಾಹೇಬ. "ಹೋಗಿ ನಿಂತು ತೋರಿಸು. ಆ ಹೆಂಗಸಿನ ಬಾಯಿ ಮುಚ್ಚಿಸು."

ತಮ್ಮ ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಪೋರ್ಟಿಕೋದ ನೆರಳು ನೆಲದ ಮೇಲೆ ಗೆರೆ ಎಳೆದ ಹಾಗೆ ಬಿದ್ದಿತ್ತು. ಆ ಗೆರೆಯ ಹತ್ತಿರ ಬಂದು ನಿಂತ. ಕತ್ತೆತ್ತಿ ಸ್ಲ್ಯಾಬಿನ ತಳ ನೋಡಿದ. ಶೂ ಆ ಗೆರೆಯನ್ನು ದಾಟಲಿಲ್ಲ.

ಎಲ್ಲರೂ ಅದನ್ನು ನೋಡಿದರು. ಜಾಕಿಗಳಿನ್ನೂ ನಿಂತಿದ್ದವು. ಒಂದನ್ನೂ ಮುಟ್ಟಿರಲಿಲ್ಲ. ಆದರೂ ಅವನು ಕೆಳಗೆ ಬರಲಿಲ್ಲ.

ಮೇಸ್ತ್ರಿ ಸುತ್ತಿಗೆಯನ್ನು ನೆಲಕ್ಕೆ ಹಾಕಿದ. "ನಲವತ್ತು ವರ್ಷ ಆಯ್ತು ಈ ಕೆಲಸಕ್ಕೆ ಬಂದು. ನನ್ನ ಅಚ್ಚಿನ ಕೆಳಗೆ ಯಾರೂ ಸತ್ತಿಲ್ಲ. ಇವತ್ತೂ ಸಾಯಲ್ಲ," ಅಂದ. ಅವನ ಆರು ಜನ ಒಬ್ಬರಾದ ಮೇಲೊಬ್ಬರು ಕೈಯಲ್ಲಿದ್ದುದನ್ನು ಕೆಳಗಿಟ್ಟರು.

ಟೈಲ್ಸ್ ಕೆಲಸದವರ ಮುಂದಾಳು ಮುಂದೆ ಬಂದ. ದಪ್ಪ ಮನುಷ್ಯ. ಮೊಣಕಾಲಿಗೆ ರಬ್ಬರು ತುಂಡು ಕಟ್ಟಿಕೊಂಡಿದ್ದ. ಅವನು ದೊಡ್ಡ ಸಾಹೇಬನನ್ನು ಕೇಳಲಿಲ್ಲ. ನೀರಕ್ಕನನ್ನು ಕೇಳಿದ.

"ನಿಜವಾಗ್ಲೂ ಯಾವಾಗ ಹಾಕಿದ್ದಮ್ಮ ಇದು?"

"ನಾಲ್ಕಕ್ಕೆ. ಇಕೋ, ಇವಳ ಕತ್ತು ಕೇಳು. ಅವತ್ತು ಹಿಡಿದ ಕತ್ತು."

ಕುಳ್ಳಿ ಕತ್ತು ಸವರಿಕೊಂಡಳು. "ಇನ್ನೂ ಎಡಕ್ಕೆ ತಿರುಗಲ್ಲಣ್ಣ," ಅಂದಳು.

"ಐದು ದಿನ ಇದರ ಕೆಳಗೆ ಮಂಡಿ ಊರಿಕೊಂಡಿರೋರು ನಾವು," ಅಂದ ಅವನು ತನ್ನವರಿಗೆ. "ಡಬ್ಬ ಎತ್ತಿ."

ದೊಡ್ಡ ಸಾಹೇಬ ಕೂಗಿದ. ಬೈದ. ಅವಳ ತಾಯಿಯನ್ನು ಬೈದ. ಆ ತಾಯಿಯ ಮಗ ಅಲ್ಲೇ ನಿಂತು ಕೇಳಿಸಿಕೊಂಡ. ಸಂಜೆಯೊಳಗೆ ಶೆಡ್ಡು ಖಾಲಿ ಮಾಡಬೇಕು, ನಲವತ್ತು ಜನವೂ ಈಚೆಗೆ ಎಂದು ಹೇಳಿ ಸಾಹೇಬ ಆಫೀಸಿಗೆ ಹೋದ. ಆ ಗಡಿಬಿಡಿಯಲ್ಲಿ ಕುಳ್ಳಿ ನೆಲದ ಮೇಲಿದ್ದ ರಿಜಿಸ್ಟರನ್ನು ಬಾಂಡ್ಲಿಗೆ ಹಾಕಿ, ಮೇಲೆ ಹರಕು ಗೋಣಿತಾಟು ಮುಚ್ಚಿ, ತಲೆಯ ಮೇಲಿಟ್ಟುಕೊಂಡು ಎಲ್ಲರೆದುರೇ ನಡೆದುಹೋದಳು. ಬಾಂಡ್ಲಿ ಹೊತ್ತ ಹೆಂಗಸನ್ನು ಆ ಸೈಟಿನಲ್ಲಿ ಯಾರೂ ಯಾವತ್ತೂ ನೋಡಿರಲಿಲ್ಲ. ಅವತ್ತೂ ನೋಡಲಿಲ್ಲ.

ಮಧ್ಯಾಹ್ನ ನೀರಕ್ಕ ಬಟ್ಟೆ ಗಂಟು ಕಟ್ಟುತ್ತಿರುವಾಗ ತಮ್ಮ ಶೆಡ್ಡಿನ ಬಾಗಿಲಿಗೆ ಬಂದ. ಕಣ್ಣುಗಳು ಕೆಂಪಾಗಿದ್ದವು.

"ಅಕ್ಕ, ಆ ರಿಜಿಸ್ಟರು ಕೊಡು."

ಅವಳು ಗಂಟು ಬಿಗಿದಳು.

"ನಂಗೆ ಬೇರೆ ದಾರಿ ಇರ್ಲಿಲ್ಲ. ದಿನ ಹುಡುಕು, ಎಲ್ಲಿಂದಾದ್ರೂ ಹುಡುಕು ಅಂದ್ರು. ಇಲ್ಲಾಂದ್ರೆ ನೀನೂ ನಿನ್ನವರ ಜೊತೆ ಹೋಗಿ ಕಲ್ಲು ಹೊರು ಅಂದ್ರು. ಎಲ್ಲರ ಮುಂದೆ ಅಂದ್ರು."

"ಹೊರೋದು ಅಷ್ಟು ಅವಮಾನ ಏನೋ?"

"ನಾನು ಹಾಗಂದ್ನಾ?"

"ಒಂದು ಮಾತು ಕೇಳ್ತೀನಿ, ಸುಳ್ಳು ಹೇಳ್ಬೇಡ. ಆ ಹೆಬ್ಬೆಟ್ಟು ನೀನು ತಗೊಂಡಿದ್ದು ಮೊದಲನೇ ವಾರ. ಅವಾಗ ಕಬ್ಬಿಣ ತಡ ಆಗಿರ್ಲಿಲ್ಲ. ನಕ್ಷೆ ಬದಲಾಗಿರ್ಲಿಲ್ಲ. ಏನೂ ಆಗಿರ್ಲಿಲ್ಲ. ಅವಾಗ್ಲೇ ಯಾಕೆ ತಗೊಂಡೆ?"

ಅವನು ಬಾಗಿಲ ತಗಡನ್ನು ಉಗುರಿನಿಂದ ಕೆರೆದ.

"ಎಲ್ಲ ಸೈಟಿನಲ್ಲೂ ತಗೋತಾರೆ ಅಕ್ಕ. ಇಟ್ಟಿರ್ತೀವಿ. ಏನಾದ್ರೂ ಆದ್ರೆ ಇರ್ಲಿ ಅಂತ."

"ಏನಾದ್ರೂ ಆದ್ರೆ ಅಂದ್ರೆ ಸ್ಲ್ಯಾಬು ಬಿದ್ರೆ."

"ಬೀಳ್ತಿರ್ಲಿಲ್ಲ."

"ಮತ್ಯಾಕೆ ಕೆಳಗೆ ಬರ್ಲಿಲ್ಲ?"

ಅವನು ಮತ್ತೆ ತಗಡಿಗೆ ಉಗುರು ಹಚ್ಚಿದ.

ನೀರಕ್ಕನಿಗೆ ಆಗ ಪೂರ್ತಿ ಹೊಳೆಯಿತು. ಬಿದ್ದಿದ್ದರೆ ಕೆಳಗೆ ನಾಲ್ಕು ಜನ ಸಾಯುತ್ತಿದ್ದರು. ಯಾಕೆ ಬಿತ್ತು ಎಂದು ಕೇಳುತ್ತಿದ್ದರು. ಇಪ್ಪತ್ತೊಂದು ದಿನ ಆಗಿತ್ತು, ನೀರು ಹಾಕಿದವಳು ಸರಿಯಾಗಿ ಹಾಕಿಲ್ಲ, ಹಾಕಿದೀನಿ ಅಂತ ಸುಳ್ಳು ಹೆಬ್ಬೆಟ್ಟು ಒತ್ತಿದ್ದಾಳೆ ಅನ್ನುತ್ತಿದ್ದರು. ಪುಸ್ತಕ ಬಿಚ್ಚಿ ತೋರಿಸುತ್ತಿದ್ದರು. ಚಾರ್ಟಿನಲ್ಲಿ ಹನ್ನೊಂದು ಉಳಿಕೆ ದಿನ ಇಟ್ಟು ಅವರನ್ನು ಹಿಗ್ಗಿಸಿದ್ದ. ಅದು ತೀರಿದರೆ ತೆಗೆಯಲು ಇನ್ನೊಂದು ಉಳಿಕೆಯನ್ನು ಕಾಗದಗಳ ನಡುವೆ ಎತ್ತಿಟ್ಟಿದ್ದ. ಅದು ಅವಳೇ.

"ಬೇಲಿ ಎದ್ದು ಹೊಲ ಮೇಯುತ್ತೆ ಅಂತ ಕೇಳಿದ್ದೆ," ಅಂದಳು. "ನಾನು ನೀರು ಹಾಕಿ ಬೆಳೆಸಿದ ಬೇಲಿ ನೀನು."

"ಸತ್ತ ಅಮ್ಮನ್ನ ನೆನೆಸ್ಕೊಂಡಾದ್ರೂ ಕೊಡಕ್ಕ. ನನ್ನ ಕೆಲ್ಸ ಹೋಗುತ್ತೆ. ಕೇಸಾಗುತ್ತೆ."

"ದಾರಿ ಬಿಡು. ಗಂಟು ಹೊರಗೆ ಹಾಕ್ಬೇಕು."

ಅವನು ಪಕ್ಕಕ್ಕೆ ಸರಿದ. ಅಭ್ಯಾಸಬಲದಿಂದ ಗಂಟಿಗೆ ಕೈ ಹಾಕಲು ಬಗ್ಗಿದ. ಅವಳು ಅವನ ಕೈಯನ್ನು ತಳ್ಳಿದಳು. ಜೋರಾಗೇನೂ ತಳ್ಳಲಿಲ್ಲ. ಆದರೆ ಹುಟ್ಟಿದಾಗಿನಿಂದ ಅವನನ್ನು ಅವಳು ತಳ್ಳಿದ್ದು ಅದೇ ಮೊದಲು.

ಸಂಜೆ ನಲವತ್ತು ಜನ ಗೇಟಿನ ಹೊರಗೆ ಗಂಟುಮೂಟೆ ಹಾಕಿಕೊಂಡು ಕೂತರು. ಕಂಪನಿ ಬೇರೆ ಗುಂಪಿಗೆ ಹೇಳಿಕಳಿಸಿತು. ಬಂದವರಿಗೆಲ್ಲ ಟೈಲ್ಸ್ ಮುಂದಾಳು ಗೇಟಿನಲ್ಲೇ ನಿಂತು ಸಂಗತಿ ಹೇಳಿದ. ಒಬ್ಬರೂ ಜಾಕಿ ಮುಟ್ಟಲಿಲ್ಲ. ಹದಿನೆಂಟಕ್ಕೆ ಉದ್ಘಾಟನೆ ಆಯಿತಂತೆ. ಜಾಕಿಗಳಿಗೆ ಬಣ್ಣದ ಬಟ್ಟೆ ಸುತ್ತಿ, ಅತಿಥಿಗಳನ್ನು ಪಕ್ಕದ ಬಾಗಿಲಿಂದ ಕರೆದುಕೊಂಡು ಹೋದರಂತೆ. ಅಷ್ಟೇ. ಮುಂಬಾಗಿಲಿಂದ ಹೋಗದಿದ್ದಕ್ಕೆ ಯಾರೂ ಸಾಯಲಿಲ್ಲ. ನಲವತ್ತು ಜನರಿಗೆ ಮಾತ್ರ ಮುಂದೆ ಎಲ್ಲೂ ಬೇಗ ಕೆಲಸ ಸಿಗಲಿಲ್ಲ. ಗೈರುಹಾಜರಾಗುವ ಗುಂಪು ಎಂಬ ಮಾತು ಅವರಿಗಿಂತ ಮುಂಚೆ ಸೈಟುಗಳನ್ನು ತಲುಪುತ್ತಿತ್ತು.

ಆದರೆ ಅದೆಲ್ಲ ಆಮೇಲೆ. ಹದಿಮೂರನೇ ತಾರೀಖು ಬೆಳಿಗ್ಗೆ ನೀರಕ್ಕ ಮತ್ತು ಮೇಸ್ತ್ರಿ ರಿಜಿಸ್ಟರನ್ನು ಚೀಲದಲ್ಲಿಟ್ಟುಕೊಂಡು ಕಟ್ಟಡ ತಪಾಸಣೆಯ ದೊಡ್ಡ ಕಚೇರಿಗೆ ಹೋದರು. ದಾರಿಯುದ್ದಕ್ಕೂ ಮೇಸ್ತ್ರಿ ಒಂದೇ ಮಾತು ಹೇಳಿದ.

"ದೊಡ್ಡ ಸಾಹೇಬನ ಹೆಸರು ಹೇಳೋಣ. ಸಾಕು. ಹುಡುಗನ ಹೆಸರು ಬೇಡ ಬಿಡು ತಂಗಿ. ಎಷ್ಟಾದ್ರೂ ನಿನ್ನ ರಕ್ತ."

ಅವಳು ಚೀಲವನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡಳು.

ಕಚೇರಿಯವರು ನಾಳೆ ಬನ್ನಿ ಅಂದರು. ಅವರು ಬೆಂಚಿನ ಮೇಲೆ ಕೂತರು. ಊಟದ ಹೊತ್ತು ಅಂದರು. ಕೂತೇ ಇದ್ದರು. ಮೂರು ಗಂಟೆಗೆ ಕನ್ನಡಕದ ಗುಮಾಸ್ತನೊಬ್ಬ ಬೇಸತ್ತು ಕರೆದ. ದೂರಿನ ಹಾಳೆ ಎಳೆದುಕೊಂಡು ಅವಳ ಹೆಸರು ಕೇಳಿದ. ತಂದೆ ಹೆಸರು ಕೇಳಿದ. ಬರೆದುಕೊಂಡ. ನಡೆದದ್ದನ್ನು ಕೇಳುತ್ತ ರಿಜಿಸ್ಟರು ತಿರುವಿದ. ಕೊನೆಯ ಹಾಳೆಗಳಲ್ಲಿ ಬರಹವೇ ಇಲ್ಲದೆ ಹೆಬ್ಬೆಟ್ಟು ಮಾತ್ರ ಇದ್ದದ್ದು ಕಂಡು ನೆಟ್ಟಗೆ ಕೂತ.

"ಯಾರ ಮೇಲೆ ದೂರು?"

ಮೇಸ್ತ್ರಿ ದೊಡ್ಡ ಸಾಹೇಬನ ಹೆಸರು ಹೇಳಿದ. ಗುಮಾಸ್ತ ಬರೆದ.

"ಸರಿ. ಈ ರಿಜಿಸ್ಟರು ಬರೆದದ್ದು, ತಾರೀಖು ತಿದ್ದಿದ್ದು ಯಾರು?"

ಮೇಸ್ತ್ರಿ ಕಿಟಕಿಯ ಕಡೆ ನೋಡಿದ. ಗುಮಾಸ್ತ ಪೆನ್ನಿನ ಹಿಂಬದಿಯಿಂದ ಮೇಜು ಕುಟ್ಟಿದ.

"ಗೊತ್ತಿಲ್ವಾ? ಯಾರೋ ಒಬ್ಬ ಅಂತ ಹಾಕ್ಲಾ?"

"ಯಾರೋ ಒಬ್ಬ ಅಲ್ಲ," ಅಂದಳು ನೀರಕ್ಕ.

ಅವಳು ತಮ್ಮನ ಹೆಸರು ಹೇಳಿದಳು. ಮನೆಯಲ್ಲಿ ಕರೆಯುವ ಹೆಸರಲ್ಲ, ಶಾಲೆಗೆ ಸೇರಿಸುವಾಗ ಅವಳೇ ಬರೆಸಿದ್ದ ಪೂರ್ತಿ ಹೆಸರು.

"ತಂದೆ ಹೆಸರು?"

ಹೇಳಿದಳು.

ಗುಮಾಸ್ತ ಬರೆಯುತ್ತಿದ್ದವನು ನಿಲ್ಲಿಸಿದ. ಹಾಳೆಯ ಮೇಲಿನ ಸಾಲಿಗೆ ಬೆರಳು ತಂದ, ಮತ್ತೆ ಕೆಳಗೆ ತಂದ. ಕನ್ನಡಕದ ಮೇಲಿಂದ ಅವಳನ್ನು ನೋಡಿದ.

"ಇದೇನಮ್ಮ, ಎರಡೂ ಕಡೆ ಒಂದೇ ಅಪ್ಪನ ಹೆಸರು ಬಂತಲ್ಲ?"

"ಹೌದು ಸಾರ್," ಅಂದಳು. "ಸರಿಯಾಗೇ ಇದೆ. ಬರ್ಕೊಳಿ."